ನಾಲ್ಕು ದಿನದ ಮಾತೆಂದು ಹೊರಟವರು

1950ರ ಡಿಸೆಂಬರ್ 3. ಪ್ಯೊಂಗ್ಯಾಂಗ್ ಬಿಟ್ಟು ಹಿಂದೆಗೆಯುತ್ತಿದ್ದ ದಕ್ಷಿಣ ಕೊರಿಯಾ ಸೇನೆಯ ಆಸ್ಪತ್ರೆ ವಾಹನವೊಂದನ್ನು ಡಾ. ಜಾಂಗ್ ಕೀ-ರ್ಯೊ ಹತ್ತಿದರು. ಜೊತೆಗೆ ಎರಡನೆಯ ಮಗನಿದ್ದ, ಇನ್ನೂ ಹದಿಹರೆಯದವನು. ಹೆಂಡತಿ ಕಿಮ್ ಬೊಂಗ್-ಸುಕ್ ಮತ್ತು ಉಳಿದ ಐವರು ಮಕ್ಕಳು ಹಿಂದೆಯೇ ಉಳಿದರು. ಊರು ಬಿಡುತ್ತಿದ್ದ ಜನಸಾಗರದ ನಡುವೆ ವಾಹನ ತೆವಳುತ್ತಿದ್ದಾಗ ಕಿಟಕಿಯಾಚೆ ಹೆಂಡತಿ ಮಕ್ಕಳು ನಡೆದು ಹೋಗುತ್ತಿರುವುದು ಕಾಣಿಸಿತಂತೆ. ಆದರೆ ಗಾಡಿ ನಿಲ್ಲಿಸಿದರೆ ಜನ ಮುತ್ತಿಕೊಂಡು ಯಾರೂ ಮುಂದೆ ಹೋಗಲಾಗದ ಸ್ಥಿತಿಯಿತ್ತು, ಹಾಗಾಗಿ ನಿಲ್ಲಿಸಲಿಲ್ಲ ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಆ ದಿನದಿಂದ ಡಾಕ್ಟರು ನಲವತ್ತೈದು ವರ್ಷ ಬದುಕಿದ್ದರು. ಹೆಂಡತಿಯ ಮುಖವನ್ನು ಅವರು ಮತ್ತೆ ನೋಡಲಿಲ್ಲ.

ಮರುದಿನ, ಡಿಸೆಂಬರ್ 4ರಂದು, ಅಸೋಸಿಯೇಟೆಡ್ ಪ್ರೆಸ್‌ನ ಛಾಯಾಗ್ರಾಹಕ ಮ್ಯಾಕ್ಸ್ ಡೆಸ್ಫರ್ ಅದೇ ನಗರದ ತೇಡಾಂಗ್ ನದಿಯ ಬಳಿ ಒಂದು ಚಿತ್ರ ತೆಗೆದರು. ಬಾಂಬಿಗೆ ತುಂಡಾಗಿ ನೀರಿಗೆ ಬಾಗಿದ್ದ ಸೇತುವೆಯ ಉಕ್ಕಿನ ತೊಲೆಗಳ ಮೇಲೆ ನೂರಾರು ಜನ ಗಂಟುಮೂಟೆ ಹೊತ್ತು ಹರಿದಾಡುತ್ತಿದ್ದಾರೆ. ಕೆಳಗೆ ಕೊರೆಯುವ ನೀರು. 1951ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಆ ಚಿತ್ರ ಕೊರಿಯಾ ಯುದ್ಧದ ಗುರುತಾಗಿಬಿಟ್ಟಿದೆ. ಅದನ್ನು ನೋಡಿದವರು ದಾಟುತ್ತಿರುವವರ ಧೈರ್ಯವನ್ನು ಹೇಳುತ್ತಾರೆ. ನನಗೆ ಮಾತ್ರ ಚೌಕಟ್ಟಿನಲ್ಲಿ ಇಲ್ಲದವರ ಚಿಂತೆ. ಎಳೆಗೂಸು ಎತ್ತಿಕೊಂಡ ಹೆಂಗಸು, ಕಾಲು ಸೋತ ಮುದುಕಿ ಆ ತೊಲೆಗಳ ಮೇಲೆ ಹೇಗೆ ತಾನೇ ಹತ್ತಿಯಾರು? ಆ ವಾರ ಯಾರು ಹೋದರು, ಯಾರು ಉಳಿದರು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಪಕ್ಷವೂ ಅಲ್ಲ, ಸಿದ್ಧಾಂತವೂ ಅಲ್ಲ. ಯಾರ ಕಾಲಿಗೆ ಬಲವಿತ್ತು, ಯಾರ ಸೊಂಟದ ಮೇಲೆ ಮಗುವಿತ್ತು ಎಂಬುದು.

ಆ ಡಿಸೆಂಬರಿಗೆ ಹೇಗೆ ಬಂದೆವು ಎನ್ನುವುದನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 1945ರ ಆಗಸ್ಟಿನಲ್ಲಿ ಜಪಾನ್ ಸೋತಾಗ, ಇಬ್ಬರು ಅಮೆರಿಕನ್ ಕರ್ನಲ್‌ಗಳು ರಾತ್ರಿ ಕುಳಿತು ಭೂಪಟದ ಮೇಲೆ 38ನೇ ಅಕ್ಷಾಂಶವನ್ನು ಗಡಿಯಾಗಿ ಆರಿಸಿದರು. ಉತ್ತರ ಸೋವಿಯತ್ ಕೈಗೆ, ದಕ್ಷಿಣ ಅಮೆರಿಕದ ಕೈಗೆ ಹೋಯಿತು. 1948ರಲ್ಲಿ ಎರಡು ಸರ್ಕಾರಗಳು ಹುಟ್ಟಿದವು, ಇಡೀ ದೇಶ ತನ್ನದೇ ಎಂದು ಎರಡೂ ಸಾರಿದವು. 1950ರ ಜೂನ್ 25ರಂದು ಉತ್ತರದ ಸೇನೆ ದಕ್ಷಿಣಕ್ಕೆ ನುಗ್ಗಿತು. ಸೆಪ್ಟೆಂಬರಿನಲ್ಲಿ ಅಮೆರಿಕನ್ನರು ಇಂಚಾನ್‌ನಲ್ಲಿ ಇಳಿದು ಯುದ್ಧವನ್ನು ತಿರುಗಿಸಿದರು. ಅಕ್ಟೋಬರ್ 19ಕ್ಕೆ ಪ್ಯೊಂಗ್ಯಾಂಗ್ ವಿಶ್ವಸಂಸ್ಥೆ ಪಡೆಗಳ ವಶವಾಯಿತು. ನವೆಂಬರ್ ಕೊನೆಯಲ್ಲಿ ಚೀನಾದ ಸೈನ್ಯ ಮೇಲೆ ಬಿದ್ದು ಅವರನ್ನು ಮತ್ತೆ ದಕ್ಷಿಣಕ್ಕೆ ಅಟ್ಟಿತು. ದೊಡ್ಡ ರಾಷ್ಟ್ರಗಳು ಬಂದು ಹೊಡೆದಾಡಿದ್ದರಿಂದ ಇದನ್ನು ಪರದೇಶದವರ ಯುದ್ಧ ಎನ್ನುವವರಿದ್ದಾರೆ. ಬುಡದಲ್ಲಿ ಇದು ಒಂದೇ ಮಾತು, ಒಂದೇ ಊಟ, ಒಂದೇ ಮನೆತನದ ಜನ ಎರಡು ಪಾಲಾಗಿ ಕಾದಾಡಿದ ಅಂತರ್ಯುದ್ಧ.

ಪ್ಯೊಂಗ್ಯಾಂಗ್ ಸುಮಾರು ಆರು ವಾರ ದಕ್ಷಿಣದವರ ಕೈಯಲ್ಲಿತ್ತು. ಆ ಆರು ವಾರಗಳಲ್ಲಿ ಅವರಿಗೆ ಕೆಲಸ ಮಾಡಿಕೊಟ್ಟವರು, ಅವರ ಗಾಯಾಳುಗಳಿಗೆ ಮದ್ದು ಹಾಕಿದವರು, ಚರ್ಚಿನ ಬಾಗಿಲು ತೆರೆದವರು ಈಗ ಉತ್ತರದ ಸೇನೆ ಮರಳಿದರೆ ಉತ್ತರ ಕೊಡಬೇಕಾಗಿತ್ತು. ಹಾಗೆ ಉತ್ತರ ಕೊಡಬೇಕಾದವರು ಹೆಚ್ಚಾಗಿ ಗಂಡಸರು. ಸೈನ್ಯಕ್ಕೆ ಎಳೆದೊಯ್ಯುವುದೂ ಗಂಡಸರನ್ನೇ. ಇದರ ಮೇಲೆ ನವೆಂಬರ್ 30ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಪತ್ರಿಕಾಗೋಷ್ಠಿಯಲ್ಲಿ ಅಣುಬಾಂಬಿನ ಬಳಕೆಯೂ ಪರಿಶೀಲನೆಯಲ್ಲಿದೆ ಎಂಬರ್ಥದ ಮಾತಾಡಿದರು. ಉತ್ತರದಲ್ಲಿ ಬಾಂಬು ಬೀಳುತ್ತದೆ, ಸ್ವಲ್ಪ ದಿನ ದೂರ ಇದ್ದು ಬರುವುದು ಲೇಸು ಎಂಬ ಗುಸುಗುಸು ಊರೂರಿಗೆ ಹಬ್ಬಿತು. ಹಾಗಾಗಿ ಮನೆಮನೆಯಲ್ಲಿ ಒಂದೇ ಬಗೆಯ ಲೆಕ್ಕ ನಡೆಯಿತು: ಗಂಡಸರು ಈಗ ಹೋಗಲಿ, ಹೆಂಗಸರನ್ನೂ ಮಕ್ಕಳನ್ನೂ ಯಾರೇನು ಮಾಡಿಯಾರು, ನಾಲ್ಕು ದಿನದ ಮಾತು, ಸೇನೆ ಮತ್ತೆ ಮುಂದೆ ಬಂದಾಗ ಅದರ ಹಿಂದೆಯೇ ಬಂದುಬಿಡಬಹುದು. ಈ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಕ್ಟೋಬರಿನಲ್ಲಿ ಸೇನೆ ಹಾಗೆಯೇ ಬಂದಿತ್ತಲ್ಲ. ಐದು ತಿಂಗಳಲ್ಲಿ ಗಡಿರೇಖೆ ಪರ್ಯಾಯದ್ವೀಪದ ಉದ್ದಕ್ಕೂ ಕೆಳಗೆ ಮೇಲೆ ಓಡಾಡಿದ್ದನ್ನು ಕಂಡವರಿಗೆ, ಅದು ಒಂದು ದಿನ ಅಲುಗಾಡದೆ ನಿಂತುಬಿಡುತ್ತದೆ ಎಂದು ಹೇಗೆ ಹೊಳೆಯಬೇಕು?

ಅದೇ ದಿನಗಳಲ್ಲಿ ಪ್ಯೊಂಗ್ಯಾಂಗಿನಲ್ಲಿ ನಮ್ಮ ದೇಶದ ವೈದ್ಯರೂ ಇದ್ದರು. ಯುದ್ಧಕ್ಕೆ ಸೈನಿಕರನ್ನು ಕಳಿಸಲು ಒಪ್ಪದ ಭಾರತ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್ ಎಂಬ ವೈದ್ಯಕೀಯ ತುಕಡಿಯನ್ನು ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದಲ್ಲಿ ಕಳಿಸಿತ್ತು. ಹಿಂದೆಗೆಯಲು ಆದೇಶ ಬಂದಾಗ ಔಷಧ, ಉಪಕರಣ ಸಾಗಿಸಲು ಅವರಿಗೆ ಲಾರಿಗಳೇ ಇರಲಿಲ್ಲ. ಸುಟ್ಟುಹಾಕಿ ಹೊರಡುವ ಬದಲು ಅವರು ನಿಲ್ದಾಣದಲ್ಲಿ ಅನಾಥವಾಗಿ ನಿಂತಿದ್ದ ಒಂದು ಉಗಿಬಂಡಿಯನ್ನೂ ಕೆಲವು ಡಬ್ಬಿಗಳನ್ನೂ ಹುಡುಕಿದರು. ಜವಾನರು ಸಾಲಾಗಿ ನಿಂತು ಬಕೆಟ್ಟಿನಲ್ಲಿ ನೀರು ಸಾಗಿಸಿ ಬಾಯ್ಲರ್ ತುಂಬಿಸಿದರು, ಬಂಡಿ ಓಡಿಸಲು ಬಲ್ಲ ಒಬ್ಬಿಬ್ಬರು ಅದನ್ನು ಹೊರಡಿಸಿದರು. ಸೇತುವೆ ಸ್ಫೋಟಿಸುವ ಮುಂಚೆ ಅದು ದಾಟಿತು. ಆ ಔಷಧಗಳು ಮುಂದೆ ದೇಗು ನಗರದಲ್ಲಿ ಸೈನಿಕರಿಗೂ ನಾಗರಿಕರಿಗೂ ಒದಗಿದವು. ಜಾಂಗ್ ಅವರೂ ರಂಗರಾಜ್ ಅವರೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಒಂದೇ ಊರು ಬಿಟ್ಟ ಇಬ್ಬರು ವೈದ್ಯರು. ಒಬ್ಬರಿಗೆ ಮರಳಿ ಹೋಗಲು ಮನೆಯಿತ್ತು.

ಪೂರ್ವ ತೀರದ ಹುಂಗ್‌ನಾಮ್ ಬಂದರಿನ ಕಥೆ ಇದಕ್ಕಿಂತ ದೊಡ್ಡದು. ಅಲ್ಲಿ ಸಿಕ್ಕಿಕೊಂಡ ಸೇನೆಯನ್ನು ಹಡಗುಗಳಲ್ಲಿ ತೆರವು ಮಾಡುವಾಗ ಸುಮಾರು ಒಂದು ಲಕ್ಷ ನಾಗರಿಕರನ್ನೂ ಹತ್ತಿಸಿಕೊಂಡರು. ಮೆರಿಡಿತ್ ವಿಕ್ಟರಿ ಎಂಬ ಸರಕು ಹಡಗೊಂದರಲ್ಲೇ ಸುಮಾರು 14,000 ಜನ ತುಂಬಿ ಬಂದರು. ದಾರಿಯಲ್ಲಿ ಐದು ಮಕ್ಕಳು ಹುಟ್ಟಿದವು. ಮುಂದೆ ದಕ್ಷಿಣ ಕೊರಿಯಾದ ಅಧ್ಯಕ್ಷರಾದ ಮೂನ್ ಜೇ-ಇನ್ ಅವರ ತಂದೆತಾಯಿ ಆ ಹಡಗಿನಲ್ಲಿದ್ದರು. ಗಂಡ ಹೆಂಡತಿ ಇಬ್ಬರೂ ಜೊತೆಯಾಗಿ ದಾಟಿದ್ದು ಅವರ ಭಾಗ್ಯ. ಬಂದರಿನ ನೂಕುನುಗ್ಗಲಿನಲ್ಲಿ ಕೈ ತಪ್ಪಿ ಹೋದವರಿಗೆ ಲೆಕ್ಕವಿಲ್ಲ.

ಹೀಗೆ ಬಂದವರಲ್ಲಿ ಬಹಳ ಜನ ದಕ್ಷಿಣದ ತುದಿಯ ಬುಸಾನ್ ಸೇರಿದರು. ಗುಡ್ಡದ ಇಳಿಜಾರುಗಳಲ್ಲಿ ಹಲಗೆ, ರಟ್ಟು, ತಗಡಿನ ಗುಡಿಸಲುಗಳು ಎದ್ದವು. ಬೇರ್ಪಡುವಾಗ ಅನೇಕರು ಒಬ್ಬರಿಗೊಬ್ಬರು ಹೇಳಿಕೊಂಡ ಜಾಗವೊಂದಿತ್ತು: ಯೊಂಗ್‌ಡೊ ಸೇತುವೆ. ಹಡಗು ಹಾದುಹೋಗಲು ಮೇಲೆತ್ತುವ ಸೇತುವೆಯಾದ್ದರಿಂದ ಬುಸಾನ್ ನೋಡದವರಿಗೂ ಅದರ ಹೆಸರು ಗೊತ್ತಿತ್ತು. ಅಲ್ಲಿ ಜನ ದಿನವಿಡೀ ನಿಂತು ಬರುವವರ ಮುಖ ನೋಡುತ್ತಿದ್ದರು, ಕಂಬಗಳಿಗೆ ಹೆಸರು ಬರೆದ ಚೀಟಿ ಅಂಟಿಸುತ್ತಿದ್ದರು. ಗಂಡ ಬದುಕಿದ್ದಾನೆಯೇ, ಹೆಂಡತಿ ಯಾವ ದಿಕ್ಕಿನಲ್ಲಿದ್ದಾಳೆ ಎಂದು ಕೇಳುವವರು ಹೆಚ್ಚಿದಂತೆ ಸೇತುವೆಯ ಬುಡದಲ್ಲಿ ಕಣಿ ಹೇಳುವವರ ಒಂದು ಬೀದಿಯೇ ಬೆಳೆಯಿತು.

ಜಾಂಗ್ ಕಾಲಿಟ್ಟದ್ದೂ ಇದೇ ಯೊಂಗ್‌ಡೊಗೆ. ಅವರೇನೂ ಹೆಸರಿಲ್ಲದ ವೈದ್ಯರಲ್ಲ. ಸಿಯೋಲ್‌ನ ವೈದ್ಯಕೀಯ ಕಾಲೇಜಿನಲ್ಲಿ 1932ರಲ್ಲಿ ಪದವಿ ಪಡೆದು, ಅದೇ ವರ್ಷ ಮದುವೆಯಾಗಿ, ಹೆಸರಾಂತ ಸರ್ಜನ್ ಪೈಕ್ ಇನ್-ಜೆ ಅವರ ಕೈಕೆಳಗೆ ಪಳಗಿದವರು. 1943ರಲ್ಲಿ ಪ್ಯೊಂಗ್ಯಾಂಗಿನಲ್ಲಿ ಯಕೃತ್ತಿನ ಕ್ಯಾನ್ಸರ್ ಗಡ್ಡೆಯನ್ನು ಕತ್ತರಿಸಿ ತೆಗೆದವರು. ಕ್ರೈಸ್ತ ಭಕ್ತರಾಗಿದ್ದೂ ಕಿಮ್ ಇಲ್-ಸುಂಗ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಅಂಥವರು 1951ರಲ್ಲಿ ಚರ್ಚಿನ ಉಗ್ರಾಣವೊಂದರಲ್ಲಿ, ಆಮೇಲೆ ಡೇರೆಗಳಲ್ಲಿ ರೋಗಿಗಳನ್ನು ನೋಡತೊಡಗಿದರು. ಹೆಸರು ಸುವಾರ್ತಾ ಆಸ್ಪತ್ರೆ. ಹಣ ತೆಗೆದುಕೊಳ್ಳುತ್ತಿರಲಿಲ್ಲ. ಮುಂದೆ ಆಸ್ಪತ್ರೆ ದೊಡ್ಡದಾಗಿ, ಶುಲ್ಕ ಬಂದು, ಬಿಲ್ಲು ಕಟ್ಟಲಾಗದೆ ಅಳುತ್ತಿದ್ದ ರೋಗಿಗೆ ರಾತ್ರಿ ಹಿಂಬಾಗಿಲು ತೆರೆದಿಡುತ್ತೇನೆ, ಹೋಗಿಬಿಡಿ ಎಂದು ಆಸ್ಪತ್ರೆಯ ಮುಖ್ಯಸ್ಥರೇ ಹೇಳಿಕೊಟ್ಟ ಸಂಗತಿಯನ್ನು ಬುಸಾನಿನ ಜನ ಇಂದಿಗೂ ಹೇಳುತ್ತಾರೆ.

1953ರ ಜುಲೈ 27ರಂದು ಪನ್‌ಮುನ್‌ಜೊಮ್‌ನಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. ನನ್ನ ಮಟ್ಟಿಗೆ ಈ ಕಥೆಯ ನಿಜವಾದ ಕ್ರೌರ್ಯ ಶುರುವಾಗುವುದು ಇಲ್ಲಿಂದ. ಗುಂಡು ಹಾರುತ್ತಿದ್ದಾಗ ಗಂಡ ಹೆಂಡತಿ ಅಗಲಿದ್ದಕ್ಕೆ ಯುದ್ಧ ಕಾರಣ. ಗುಂಡು ನಿಂತ ಮೇಲೂ ಅವರು ಅಗಲಿಯೇ ಉಳಿದದ್ದಕ್ಕೆ? ಕದನವಿರಾಮದ ಒಪ್ಪಂದದಲ್ಲೇ, ಊರು ಬಿಟ್ಟು ಬಂದ ನಾಗರಿಕರು ಬಯಸಿದರೆ ಗಡಿ ದಾಟಿ ಮನೆಗೆ ಮರಳಬಹುದು ಎಂಬ ಕಲಮು ಇತ್ತು. ಅದಕ್ಕೊಂದು ಸಮಿತಿಯೂ ಆಗಿತ್ತು. 1954ರ ಮಾರ್ಚಿನಲ್ಲಿ ಅದರ ಅಡಿಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋದವರು 37 ಮಂದಿ. ಉತ್ತರದಿಂದ ದಕ್ಷಿಣಕ್ಕೆ ಬಂದವರು 19 ಮಂದಿ, ಅಷ್ಟೂ ವಿದೇಶಿಯರು. ಲಕ್ಷಗಟ್ಟಲೆ ಜನ ಕಾದಿದ್ದ ಕಲಮಿನ ಫಲ ಇಷ್ಟೇ.

ಸೆರೆಯಾಳುಗಳ ಪ್ರಶ್ನೆಯಲ್ಲಿ ಕೊಡಗಿನವರೊಬ್ಬರು ಈ ಅಗಲಿಕೆಯನ್ನು ಕಣ್ಣಾರೆ ಕಂಡರು. ಊರಿಗೆ ಮರಳಲು ಒಲ್ಲೆವೆಂದ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾ ಯೋಧರ ಗತಿಯೇನು ಎಂದು ನೋಡಲು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದವರು ಮಡಿಕೇರಿಯ ಲೆಫ್ಟಿನೆಂಟ್ ಜನರಲ್ ಕೆ.ಎಸ್. ತಿಮ್ಮಯ್ಯ. ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ಅವರ ಭಾರತೀಯ ಕಾವಲು ಪಡೆ 1953ರ ಸೆಪ್ಟೆಂಬರಿನಲ್ಲಿ ಆ ಶಿಬಿರಗಳ ಹೊಣೆ ಹೊತ್ತಿತು. ಸೆರೆಯಾಳು ಡೇರೆಯೊಳಗೆ ಬಂದು ತನ್ನ ದೇಶದ ಅಧಿಕಾರಿಯ ಮಾತು ಕೇಳಬೇಕು, ಆಮೇಲೆ ಎರಡು ಬಾಗಿಲುಗಳಲ್ಲಿ ಒಂದರಿಂದ ಹೊರಗೆ ನಡೆಯಬೇಕು: ಒಂದು ಊರಿನ ಕಡೆಗೆ, ಇನ್ನೊಂದು ಮರಳಿ ಶಿಬಿರಕ್ಕೆ. ಮನೆ, ಮಡದಿ, ತಾಯಿ ಎಂದು ಅಧಿಕಾರಿ ನೆನಪಿಸುತ್ತಿದ್ದ. ಕೆಲವರು ಅರಚುತ್ತಿದ್ದರು, ಕುರ್ಚಿ ಎತ್ತಿ ಎಸೆಯುತ್ತಿದ್ದರು. ಶಿಬಿರಗಳೊಳಗಿನ ಕಮ್ಯುನಿಸ್ಟ್ ವಿರೋಧಿ ಮುಖಂಡರ ಬೆದರಿಕೆ ಎಷ್ಟಿತ್ತೆಂದರೆ, ಊರಿಗೆ ಹೋಗಬೇಕೆಂದು ಬಾಯಿಬಿಡುವುದೇ ಅಪಾಯವಾಗಿತ್ತು. ಸ್ವಂತ ಇಚ್ಛೆಯ ಆಯ್ಕೆ ಎಂದು ಜಗತ್ತು ಕರೆದದ್ದರಲ್ಲಿ ಇಚ್ಛೆ ಎಷ್ಟು, ಹೆದರಿಕೆ ಎಷ್ಟು ಎಂಬ ಸಂಶಯ ತಿಮ್ಮಯ್ಯನವರನ್ನು ಬಿಡಲಿಲ್ಲ. ಎರಡು ಬಾಗಿಲೂ ಬೇಡವೆಂದ 88 ಮಂದಿ 1954ರ ಫೆಬ್ರವರಿಯಲ್ಲಿ ನಮ್ಮ ಪಡೆಯೊಂದಿಗೆ ಹಡಗು ಹತ್ತಿ ಭಾರತಕ್ಕೆ ಬಂದರು. ಉಳಿದವರಲ್ಲಿ ಬಹುಪಾಲು ಜನ ದಕ್ಷಿಣಕ್ಕೋ ತೈವಾನಿಗೋ ಹೋದರು. ಅವರಲ್ಲಿ ಮದುವೆಯಾಗಿದ್ದವರ ಹೆಂಡಂದಿರಿಗೆ ಆ ಡೇರೆಯಲ್ಲಿ ಒಂದು ಕುರ್ಚಿಯೂ ಇರಲಿಲ್ಲ.

ಗಡಿಯ ಈಚೆ ಉಳಿದ ಗಂಡಂದಿರು ಏನು ಮಾಡಿದರು? ಹೆಚ್ಚಿನವರು ಕೆಲವು ವರ್ಷ ಕಾದು ಮತ್ತೆ ಮದುವೆಯಾದರು. ಉತ್ತರದಿಂದ ಬಂದವರ ಕುಟುಂಬ ದಾಖಲೆಗಳು ಉತ್ತರದಲ್ಲೇ ಉಳಿದಿದ್ದರಿಂದ ದಕ್ಷಿಣದ ಸರ್ಕಾರ ಹೊಸ ದಾಖಲೆ ಮಾಡಿಕೊಳ್ಳಲು ಬಿಟ್ಟಿತು. ಎಷ್ಟೋ ಜನ ಅದರಲ್ಲಿ ಅವಿವಾಹಿತ ಎಂದು ಬರೆಸಿದರು. ಎರಡನೆಯ ಹೆಂಡತಿಗೆ ಹೇಳಿದವರುಂಟು, ಸಾಯುವ ತನಕ ಮುಚ್ಚಿಟ್ಟವರುಂಟು. ಅವರ ಮೇಲೆ ಕಲ್ಲೆಸೆಯಲು ನನಗೆ ಮನಸ್ಸು ಬಾರದು. ಪತ್ರವಿಲ್ಲ, ಫೋನಿಲ್ಲ, ಬದುಕಿದ್ದಾಳೆಯೇ ಇಲ್ಲವೇ ಎಂಬ ಸುದ್ದಿಯೂ ಇಲ್ಲ. ಮೂವತ್ತರ ಹರೆಯದವನು ಎಷ್ಟು ವರ್ಷ ಒಬ್ಬನೇ ಅನ್ನ ಬೇಯಿಸಿಕೊಳ್ಳಬೇಕು? ಈ ಗೋಜಲು ಎಷ್ಟು ಆಳವೆಂದರೆ 2012ರಲ್ಲಿ ದಕ್ಷಿಣ ಕೊರಿಯಾ ಇದಕ್ಕೆಂದೇ ವಿಶೇಷ ಕಾನೂನು ಮಾಡಬೇಕಾಯಿತು. ಕದನವಿರಾಮಕ್ಕೆ ಮುಂಚೆ ಅಗಲಿದವರು ಆಮೇಲೆ ಮಾಡಿಕೊಂಡ ಮದುವೆಯನ್ನು, ಮೊದಲ ಮದುವೆ ಇತ್ತೆಂಬ ಕಾರಣಕ್ಕೆ ರದ್ದು ಮಾಡುವಂತಿಲ್ಲ ಎಂದು ಅದು ಹೇಳುತ್ತದೆ.

ಜಾಂಗ್ ಮತ್ತೆ ಮದುವೆಯಾಗಲಿಲ್ಲ. ಹೇಳಿದವರು ಬಹಳ, ಒಪ್ಪಲಿಲ್ಲ. ಆಸ್ಪತ್ರೆಯ ಮಹಡಿ ಮೇಲಿನ ಕೋಣೆಯೇ ಅವರ ಮನೆಯಾಯಿತು. 1959ರಲ್ಲಿ ಯಕೃತ್ತಿನ ದೊಡ್ಡ ಭಾಗವನ್ನೇ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಗೆದ್ದರು. ಅದರ ನೆನಪಿಗೆ ಕೊರಿಯಾದಲ್ಲಿ ಅಕ್ಟೋಬರ್ 20 ಯಕೃತ್ ದಿನ. ಆದರೆ ಅವರ ಇನ್ನೂ ದೊಡ್ಡ ಕೆಲಸ 1968ರ ನೀಲಿ ಶಿಲುಬೆ ವೈದ್ಯಕೀಯ ವಿಮಾ ಸಹಕಾರ ಸಂಘ. ತಿಂಗಳಿಗೆ 60 ವೊನ್, ಒಂದು ಪೊಟ್ಟಣ ಸಿಗರೇಟಿಗಿಂತ ಕಡಿಮೆ. ಆರೋಗ್ಯವಾಗಿದ್ದಾಗ ನೆರೆಯವನಿಗೆ ಕೊಡು, ಕಾಯಿಲೆ ಬಿದ್ದಾಗ ನೆರೆಯವನಿಂದ ಪಡೆ ಎಂಬುದು ಅದರ ತತ್ವ. ಕೆಲವು ನೂರು ಸದಸ್ಯರಿಂದ ಶುರುವಾದದ್ದು ಎರಡು ಲಕ್ಷ ದಾಟಿತು. 1989ರಲ್ಲಿ ದೇಶದ ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಬಂದಾಗ, ಮಾಡಬೇಕಾದ ಕೆಲಸ ಆಯಿತೆಂದು ಸಂಘವನ್ನು ಮುಚ್ಚಿದರು. 1979ರಲ್ಲಿ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಅದೇ ವರ್ಷ ಅದೇ ಪ್ರಶಸ್ತಿ ಮಹಾರಾಷ್ಟ್ರದ ಜಾಮಖೇಡದಲ್ಲಿ ಹಳ್ಳಿಯ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡಿದ ರಜನಿಕಾಂತ್ ಮತ್ತು ಮೇಬೆಲ್ ಆರೋಳೆ ದಂಪತಿಗೂ ಬಂತು, ಗಂಡ ಹೆಂಡತಿ ಇಬ್ಬರಿಗೂ ಸೇರಿ.

1983ರ ಜೂನ್ 30ರ ರಾತ್ರಿ ಕೊರಿಯಾದ ಸರ್ಕಾರಿ ಟೆಲಿವಿಷನ್ ಕೆಬಿಎಸ್ ಯುದ್ಧದಲ್ಲಿ ಅಗಲಿದವರನ್ನು ಹುಡುಕುವ ಒಂದು ಕಾರ್ಯಕ್ರಮ ಆರಂಭಿಸಿತು. ಒಂದು ರಾತ್ರಿಗೆಂದು ಯೋಜಿಸಿದ್ದು 138 ದಿನ ನಡೆಯಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು, 53,536 ಜನ ಪರದೆಯ ಮೇಲೆ ಬಂದರು, 10,189 ಕುಟುಂಬಗಳು ಕೂಡಿದವು. ಹೆಸರು, ಊರು, ಮೈಮೇಲಿನ ಮಚ್ಚೆ ಬರೆದ ರಟ್ಟಿನ ಹಲಗೆಗಳನ್ನು ಎದೆಗೊತ್ತಿ ಜನ ಸ್ಟುಡಿಯೋದ ಹೊರಗೆ ಮಲಗಿದರು. ಮೂವತ್ತು ವರ್ಷ ಒಂದೇ ದೇಶದಲ್ಲಿ, ಒಂದೇ ಬಸ್ಸಿನ ದಾರಿಯಲ್ಲಿ ಇದ್ದೂ ಒಬ್ಬರಿಗೊಬ್ಬರು ಸತ್ತರೆಂದು ತಿಳಿದಿದ್ದವರು ಎಷ್ಟೋ. ಹೆಂಡತಿ ಉತ್ತರದಲ್ಲಿರುವ ಗಂಡನಿಗೆ ಮಾತ್ರ ಈ ಟೆಲಿವಿಷನ್ ಯಾವ ಪ್ರಯೋಜನಕ್ಕೂ ಬರಲಿಲ್ಲ.

ಎರಡು ವರ್ಷದ ಮೇಲೆ, 1985ರ ಸೆಪ್ಟೆಂಬರಿನಲ್ಲಿ ಎರಡೂ ಕಡೆಯಿಂದ 50 ಜನರಂತೆ ಬಂಧುಗಳ ಭೇಟಿಗೆ ಮೊದಲ ಬಾರಿ ಗಡಿ ತೆರೆಯಿತು. ಜಾಂಗ್ ಅವರಿಗೆ ಹೋಗುವ ಅವಕಾಶ ಒದಗಿತು. ಅವರು ಬೇಡವೆಂದರು. ಲಕ್ಷಾಂತರ ಜನ ಕಾಯುತ್ತಿರುವಾಗ ಹೆಸರುವಾಸಿ ಎಂಬ ಕಾರಣಕ್ಕೆ ತಾನೊಬ್ಬ ಹೋಗುವುದು ಸಲ್ಲದು ಎಂಬುದು ಅವರ ನಿಲುವು. ಕೊರಿಯಾದಲ್ಲಿ ಈ ಪ್ರಸಂಗವನ್ನು ಅವರ ದೊಡ್ಡತನದ ಶಿಖರವೆಂದು ಹೇಳುತ್ತಾರೆ. ದೊಡ್ಡತನ ಹೌದು. ಆದರೂ ಅದನ್ನು ಓದುವಾಗಲೆಲ್ಲ ನನ್ನ ಮನಸ್ಸು ಪ್ಯೊಂಗ್ಯಾಂಗಿನ ಕಡೆಗೆ ಹೋಗುತ್ತದೆ. ಗಂಡನ ವ್ರತವನ್ನು ನಾಡು ಕೊಂಡಾಡಿತು, ಪ್ರಶಸ್ತಿ ಕೊಟ್ಟಿತು, ಪುಸ್ತಕ ಬರೆಯಿತು. ಐವರು ಮಕ್ಕಳನ್ನು ಬಾಂಬು ಬೀಳುವ ಊರಿನಲ್ಲಿ ಉಳಿಸಿಕೊಂಡು, ದಕ್ಷಿಣಕ್ಕೆ ಓಡಿಹೋದವನ ಹೆಂಡತಿ ಎಂದು ಸಂಶಯಕ್ಕೆ ಗುರಿಯಾಗುವ ರಾಜ್ಯದಲ್ಲಿ ಅವರನ್ನು ದೊಡ್ಡವರನ್ನಾಗಿ ಮಾಡಿದ ಕಿಮ್ ಬೊಂಗ್-ಸುಕ್ ಅವರ ಬಗ್ಗೆ ಇರುವುದು ಬೆರಳೆಣಿಕೆಯ ಸಾಲುಗಳು. ನಮ್ಮ ರಾಮಾಯಣ ಊರ್ಮಿಳೆಯನ್ನು ಅಯೋಧ್ಯೆಯಲ್ಲಿ ಬಿಟ್ಟು ಕಾಡಿಗೆ ನಡೆದಂತೆಯೇ ಆಯಿತು ಇದೂ. ಹೋಗುವುದೋ ಬೇಡವೋ ಎಂದು 1985ರಲ್ಲಿ ಯಾರಾದರೂ ಆಕೆಯನ್ನೂ ಕೇಳಬಹುದಾಗಿದ್ದರೆ ಏನು ಹೇಳುತ್ತಿದ್ದರು? ಕೇಳುವ ದಾರಿಯನ್ನೇ ಎರಡು ಸರ್ಕಾರಗಳು ಮುಚ್ಚಿದ್ದವು. ಜಾಂಗ್ ಅವರ ನಿರಾಕರಣೆಯನ್ನು ಇಬ್ಬರೂ ಸೇರಿ ಮಾಡಿದ ತ್ಯಾಗವೆಂದು ಬರೆಯಲು ನನ್ನ ಕೈ ಒಪ್ಪದು.

ಕೊನೆಯ ವರ್ಷಗಳಲ್ಲಿ ಬಳಸುದಾರಿಯೊಂದು ತೆರೆಯಿತು. ಉತ್ತರಕ್ಕೂ ದಕ್ಷಿಣಕ್ಕೂ ಟಪಾಲು ಇರಲಿಲ್ಲ. ಆದರೆ ಅಮೆರಿಕದಲ್ಲಿ ನೆಲೆಸಿದ ಕೊರಿಯನ್ನರು ಉತ್ತರಕ್ಕೆ ಹೋಗಿ ಬರಬಹುದಾಗಿತ್ತು. ಹಾಗೆ ಅಮೆರಿಕದ ಮೂಲಕ ಹೆಂಡತಿಯ ಪತ್ರವೂ ಭಾವಚಿತ್ರವೂ ಬುಸಾನ್ ತಲುಪಿದವು. ಡಾಕ್ಟರ ನೆನಪಿನಲ್ಲಿದ್ದ ಹೆಂಡತಿಗೆ ಮೂವತ್ತೊಂಬತ್ತೋ ನಲವತ್ತೋ. ಚಿತ್ರದಲ್ಲಿದ್ದವರು ಎಂಬತ್ತರ ಹತ್ತಿರದ ಮುದುಕಿ. 1995ರ ಡಿಸೆಂಬರ್ 25ರಂದು ಜಾಂಗ್ ತೀರಿಕೊಂಡರು.

2000ದ ಜೂನ್‌ನಲ್ಲಿ ಎರಡೂ ದೇಶಗಳ ನಾಯಕರು ಮೊದಲ ಬಾರಿ ಭೇಟಿಯಾದರು. ಆಗಸ್ಟ್ 15ಕ್ಕೆ ಎರಡೂ ಕಡೆಯ ನೂರು ನೂರು ಜನ ಬಂಧುಗಳನ್ನು ಕಾಣಲು ಹೊರಟರು. ಅಂದು ವಾಹನದಲ್ಲಿ ತಂದೆಯ ಜೊತೆ ಬಂದಿದ್ದ ಎರಡನೆಯ ಮಗ ಅಷ್ಟರಲ್ಲಿ ತಾನೂ ವೈದ್ಯನಾಗಿ, ಪ್ರಾಧ್ಯಾಪಕನಾಗಿ ಅರವತ್ತು ದಾಟಿದ್ದರು. ದಕ್ಷಿಣದ ತಂಡದ ವೈದ್ಯರಾಗಿ ಅವರು ಪ್ಯೊಂಗ್ಯಾಂಗಿಗೆ ಹೋದರು, ತೊಂಬತ್ತರ ಸಮೀಪದಲ್ಲಿದ್ದ ತಾಯಿಯನ್ನು ಕಂಡರು. ಗಂಡ ತೀರಿಹೋಗಿ ಆಗ ಐದು ವರ್ಷ ತುಂಬಿರಲಿಲ್ಲ. ಕಿಮ್ ಬೊಂಗ್-ಸುಕ್ 2004ರಲ್ಲಿ ನಿಧನರಾದರು.

2000ದಿಂದ 2018ರ ಆಗಸ್ಟ್ ತನಕ ಒಟ್ಟು 21 ಸುತ್ತು ಮುಖಾಮುಖಿ ಭೇಟಿಗಳಾದವು. ದಕ್ಷಿಣದಲ್ಲಿ ಹೆಸರು ನೋಂದಾಯಿಸಿದವರು 1.33 ಲಕ್ಷಕ್ಕೂ ಹೆಚ್ಚು. ಪ್ರತಿ ಸುತ್ತಿನಲ್ಲಿ ಕಂಪ್ಯೂಟರ್ ಚೀಟಿ ಎತ್ತಿ ಆರಿಸುತ್ತಿದ್ದದ್ದು ನೂರರ ಆಸುಪಾಸು. ಆಯ್ಕೆಯಾದವರಿಗೆ ಕೆಲವು ಗಂಟೆಗಳ ಭೇಟಿ, ಆಮೇಲೆ ಬಸ್ಸಿನ ಗಾಜಿನಾಚೆಯಿಂದ ಕೈ ಬೀಸಿ ಬೀಳ್ಕೊಡುವುದು. ಒಮ್ಮೆ ಕಂಡವರಿಗೆ ಇನ್ನೊಂದು ಭೇಟಿ ಇಲ್ಲ, ಪತ್ರವೂ ಇಲ್ಲ. ಎಂಬತ್ತು ದಾಟಿದ ಗಂಡ ಹೆಂಡತಿಯರನ್ನು ಹೀಗೆ ಸೇರಿಸಿ ಹೀಗೆ ಬಿಡಿಸುವುದನ್ನು ಎರಡೂ ಸರ್ಕಾರಗಳು ಉಪಕಾರವೆಂಬಂತೆ ನಡೆಸಿದವು, ಮುನಿಸು ಬಂದಾಗ ನಿಲ್ಲಿಸಿದವು. 2018ರ ನಂತರ ಒಂದು ಭೇಟಿಯೂ ನಡೆದಿಲ್ಲ. ಕುಮ್‌ಗಾಂಗ್ ಬೆಟ್ಟದ ತಪ್ಪಲಿನಲ್ಲಿ ಈ ಭೇಟಿಗಳಿಗೆಂದೇ ಕಟ್ಟಿದ್ದ ಕಟ್ಟಡವನ್ನು ಉತ್ತರ ಕೆಡವುತ್ತಿದೆ ಎಂದು 2025ರಲ್ಲಿ ದಕ್ಷಿಣದ ಸರ್ಕಾರ ತಿಳಿಸಿತು. ಅರ್ಜಿ ಹಾಕಿದವರಲ್ಲಿ ಮುಕ್ಕಾಲು ಪಾಲಿನಷ್ಟು ಜನ ತೀರಿಹೋಗಿದ್ದಾರೆ. ಉಳಿದವರ ಮಾತನ್ನು ದಕ್ಷಿಣದ ಅಧಿಕಾರಿಗಳು ವಿಡಿಯೋ ಪತ್ರಗಳಲ್ಲಿ ಚಿತ್ರಿಸಿಕೊಳ್ಳುತ್ತಿದ್ದಾರೆ, ಡಿಎನ್‌ಎ ಮಾದರಿಯನ್ನೂ ತೆಗೆದಿಡುತ್ತಿದ್ದಾರೆ. ಗಡಿ ಮುಂದೊಂದು ದಿನ ತೆರೆದರೆ, ಆಚೆಯ ಮೊಮ್ಮಕ್ಕಳೂ ಈಚೆಯ ಮೊಮ್ಮಕ್ಕಳೂ ಒಂದೇ ಅಜ್ಜನವರೆಂದು ಆಸ್ಪತ್ರೆಯ ಕಾಗದ ತೋರಿಸಿ ಗುರುತು ಹಿಡಿಯಬೇಕಾದೀತು.